ಪೈಥಾನ್‌ನಿಂದ ಸಿ ಫಂಕ್ಷನ್ ಕರೆದರೆ ಸೆಗ್‌ಫಾಲ್ಟ್

ಪ್ರಶ್ನೆ: ಸಿ ಭಾಷೆಯಲ್ಲಿ ನಾನೇ ಬರೆದ ಚಿಕ್ಕ ಲೈಬ್ರರಿಯನ್ನು ಪೈಥಾನ್‌ನಿಂದ ಸಿಟೈಪ್ಸ್ (ಸಿ ಲೈಬ್ರರಿ ಕರೆಯಲು ಪೈಥಾನ್‌ನಲ್ಲೇ ಇರುವ ಮಾಡ್ಯೂಲ್) ಮೂಲಕ ಕರೆಯುತ್ತಿದ್ದೇನೆ. ಇಂಟ್ (ಪೂರ್ಣಾಂಕ) ಹಿಂತಿರುಗಿಸುವ ಫಂಕ್ಷನ್‌ಗಳೆಲ್ಲ ಸರಿಯಾಗಿವೆ, ಆದರೆ ಒಂದು ಫಂಕ್ಷನ್ ಹಿಂತಿರುಗಿಸಿದ ಪಾಯಿಂಟರನ್ನು (ಮೆಮೊರಿ ವಿಳಾಸ) ಇನ್ನೊಂದಕ್ಕೆ ಕೊಟ್ಟ ತಕ್ಷಣ ಸೆಗ್‌ಫಾಲ್ಟ್, ಅಂದರೆ ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತುಹೋಗುತ್ತದೆ. ಸಿಟೈಪ್ಸ್ ಒಳಗಿದ್ದು ಫಂಕ್ಷನ್ ಕರೆಯುವ ಕೆಲಸ ಮಾಡುವ ಲಿಬ್‌ಎಫ್‌ಎಫ್‌ಐ ಲೈಬ್ರರಿಯದೇ ತಪ್ಪಾ?

ಉತ್ತರ: ಪಾಪ, ಅದನ್ನು ಸುಮ್ನೆ ಬೈಯಬೇಡಿ. ರೆಸ್‌ಟೈಪ್ (ಫಂಕ್ಷನ್ ಹಿಂತಿರುಗಿಸುವುದರ ಟೈಪ್) ಹೇಳದಿದ್ದರೆ ಸಿಟೈಪ್ಸ್ ಇಂಟ್ ಅಂದುಕೊಳ್ಳುತ್ತದೆ, 64 ಬಿಟ್ ವಿಳಾಸದಲ್ಲಿ 32 ಬಿಟ್ ಮಾತ್ರ ಉಳಿಯುತ್ತದೆ. ರೆಸ್‌ಟೈಪ್‌ಗೆ ವಾಯ್ಡ್ ಪಾಯಿಂಟರ್ ಹಾಕಿ.

ಇನ್ನೊಂದು ಉತ್ತರ: ಅಷ್ಟೇ ಸಾಲದು, ಮುಂದಿನ ಫಂಕ್ಷನ್‌ನ ಆರ್ಗ್‌ಟೈಪ್ಸ್ (ಫಂಕ್ಷನ್‌ಗೆ ಕೊಡುವ ಮೌಲ್ಯಗಳ ಟೈಪ್) ಕೂಡ ಹೇಳಬೇಕು, ಇಲ್ಲದಿದ್ದರೆ ಕೊಡುವಾಗ ಸಿಟೈಪ್ಸ್ ವಿಳಾಸವನ್ನು ಮತ್ತೆ ಕತ್ತರಿಸುತ್ತದೆ. ಲಿಬ್‌ಎಫ್‌ಎಫ್‌ಐ ಟೈಪ್‌ಗಳನ್ನು ಬರೆದಿರುವ ನಿಮ್ಮ ಹೆಡರ್ ಫೈಲ್ ಓದುವುದಿಲ್ಲ ಅಲ್ವಾ, ಹೇಳಿದ ಟೈಪ್ ನೋಡಿಕೊಂಡು ಆ ಪ್ರೊಸೆಸರ್‌ನ ನಿಯಮದಂತೆ ಯಾವ ಮೌಲ್ಯ ರಿಜಿಸ್ಟರ್‌ಗೆ (ಪ್ರೊಸೆಸರ್ ಒಳಗಿನ ಜಾಗ), ಯಾವುದು ಸ್ಟ್ಯಾಕ್‌ಗೆ (ಮೆಮೊರಿಯ ಒಂದು ಭಾಗ) ಅಂತ ಜೋಡಿಸುತ್ತದೆ ಅಷ್ಟೇ.

ಪ್ರಶ್ನೆ ಕೇಳಿದವರು: ಎರಡೂ ಹಾಕಿದೆ, ಓಡಿತು. ಎರಡು ದಿನ ಹಾಳು!