ವ್ಯಾಗನ್ ಆರ್ ಹೆಡ್‌ಲೈಟ್ ಹಳದಿ ಆಗಿಹೋಗಿದೆ, ಕತ್ಲಲ್ಲಿ ಘಾಟಿ ಇಳಿಯೋಕೆ ಭಯ ಆಗ್ತಿದೆ

ಹೊಸನಗರದ ಹುಡುಗ:

ಎಲ್ರಿಗೂ ನಮಸ್ಕಾರ. ನಮ್ದು 2009ರ ವ್ಯಾಗನ್ ಆರ್, ಅಪ್ಪ ತಗೊಂಡಿದ್ದು, ಇಂಜಿನ್ ಇವತ್ತಿಗೂ ಗಟ್ಟಿ ಇದೆ, 15 ವರ್ಷ ತುಂಬಿದ್ದಕ್ಕೆ ಹೋದ ವರ್ಷ ಆರ್‌ಸಿ ರಿನ್ಯೂವಲ್ಲೂ ಮಾಡ್ಸಿ ಆಯ್ತು, ಇನ್ನೈದು ವರ್ಷ ಓಡಿಸ್ಬೇಕು ಅಂತಾನೇ ಇದೀವಿ. ತೊಂದ್ರೆ ಇರೋದು ಹೆಡ್‌ಲೈಟಲ್ಲಿ. ಎರಡೂ ಕಡೆ ಹಳದಿ, ಬಲಗಡೇದಂತೂ ಪೊರೆ ಬಂದಿರೋ ಕಣ್ಣಿನ ಥರ ಆಗಿದೆ, ಒಳಗಿನ ಬಲ್ಬ್ ಹೊರಗಿಂದ ಕಾಣೋದೇ ಇಲ್ಲ.

ಅಮ್ಮನ್ನ ತಿಂಗಳಿಗೆ ಎರಡು ಸಲ ಮಣಿಪಾಲಕ್ಕೆ ಕರ್ಕೊಂಡು ಹೋಗ್ಬೇಕು, ಬೆಳಗಿನ ಜಾವ 4ಕ್ಕೆ ಮನೆ ಬಿಟ್ರೆ ಹುಲಿಕಲ್ ಘಾಟಿ ಇಳಿಯೋವಾಗ ಇನ್ನೂ ಗವ್ವೆನ್ನೋ ಕತ್ಲು, ಮೇಲಿಂದ ಮಂಜು ಬೇರೆ. ಹೋದ ಸಲ ಒಂದು ತಿರುವಲ್ಲಿ ದನ ಮಲಗಿತ್ತು, ಹತ್ತಿರ ಹೋಗೋವರೆಗೂ ನಂಗೆ ಕಾಣ್ಲೇ ಇಲ್ಲ, ಬ್ರೇಕ್ ಒತ್ತಿದ್ದಕ್ಕೆ ಹಿಂದೆ ಮಲಗಿದ್ದ ಅಮ್ಮ ಸೀಟಿಂದ ಕೆಳಗೆ ಜಾರಿದ್ರು. ಅವತ್ತಿಂದ ನಿದ್ದೆ ಇಲ್ಲ. ಗ್ಯಾರೇಜಲ್ಲಿ ಕೇಳಿದ್ರೆ 100 ವ್ಯಾಟಿನ ಬಲ್ಬ್ ಹಾಕ್ಬಿಡಿ ಅಂದ್ರು, ಹಾಕಿಸ್ದೆ, ಲೈಟ್ ಪೂರ್ತಿ ಬೆಳ್ಳಗೆ ಉರಿಯುತ್ತೆ ಆದ್ರೆ ರೋಡ್ ಮೇಲೆ ಬೆಳಕು ಬೀಳ್ತಾ ಇಲ್ಲ. ಇದನ್ನ ಮನೇಲೇ ಉಜ್ಜಿ ಸರಿ ಮಾಡೋಕಾಗುತ್ತಾ ಇಲ್ಲಾ ಹೊಸ ಅಸೆಂಬ್ಲಿನೇ, ಅಂದ್ರೆ ಇಡೀ ಹೆಡ್‌ಲೈಟ್ ಸೆಟ್ಟೇ ಹಾಕಿಸ್ಬೇಕಾ? ಮಾಡಿ ನೋಡಿದೋರು ಹೇಳಿ ಪ್ಲೀಸ್.

ಸ್ಯಾಂಟ್ರೋ ಮೈಸೂರು:

ಬ್ರದರ್ ಟೂತ್‌ಪೇಸ್ಟ್ ಹಾಕಿ ಒದ್ದೆ ಬಟ್ಟೇಲಿ ಹತ್ತು ನಿಮಿಷ ಚೆನ್ನಾಗಿ ಉಜ್ಜಿ. ಜೆಲ್ ಬೇಡ, ಬಿಳೀ ಪೇಸ್ಟ್. ನಾನು ನಮ್ಮ ಸ್ಯಾಂಟ್ರೋಗೆ ಯುಗಾದಿ ಹೊತ್ತಿಗೆ ಮಾಡಿದ್ದೆ, ಹೊಸದರ ಥರ ಆಗಿತ್ತು, ಖರ್ಚೂ ಇಲ್ಲ. ಈಗ ಸ್ವಲ್ಪ ಮತ್ತೆ ಮಂಕಾಗಿದೆ ಅದು ನಿಜ.

ಹಳೇ ಕಾರು ಹಾಸನ:

ಆ "ಮತ್ತೆ ಮಂಕಾಗಿದೆ" ಅನ್ನೋದ್ರಲ್ಲೇ ಇಡೀ ವಿಷಯ ಇರೋದು, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ, ನಾನು ಇದುವರೆಗೆ ಮನೆಯವರದ್ದು ನೆಂಟರದ್ದು ಸೇರಿ ಐದು ಕಾರಿಗೆ ಮಾಡಿದೀನಿ, ಮೊದಲನೆಯದು ಹಾಳೂ ಮಾಡಿದೀನಿ.

ಅಂಬಾಸಿಡರ್, ಹಳೇ 800 ಇವಕ್ಕೆಲ್ಲ ಮುಂದಿನ ಲೈಟ್ ಗಾಜಿಂದು, ಅದು 30 ವರ್ಷ ಆದ್ರೂ ಹಳದಿ ಆಗಲ್ಲ. ನಿಮ್ಮದು ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್. ಹಗುರ, ಕಲ್ಲು ಬಡಿದ್ರೂ ಒಡೆಯಲ್ಲ, ಆದ್ರೆ ಬಿಸಿಲಿನ ಯುವಿ ಕಿರಣ ತಡ್ಕೊಳ್ಳಲ್ಲ. ಅದಕ್ಕೇ ಫ್ಯಾಕ್ಟರಿಯಲ್ಲಿ ಮೇಲೆ ತೆಳ್ಳಗೆ ಒಂದು ಗಟ್ಟಿ ಕೋಟಿಂಗ್ ಕೊಟ್ಟಿರ್ತಾರೆ. ವರ್ಷಗಟ್ಲೆ ಬಿಸಿಲಲ್ಲಿ ನಿಂತು ಆ ಕೋಟಿಂಗ್ ಸಾಯುತ್ತೆ, ಅಲ್ಲಲ್ಲಿ ಸಿಪ್ಪೆ ಏಳುತ್ತೆ, ಅದರ ಕೆಳಗೆ ಪ್ಲಾಸ್ಟಿಕ್ಕೇ ಹಳದಿ ತಿರುಗುತ್ತೆ. ಟೂತ್‌ಪೇಸ್ಟಲ್ಲಿರೋ ಸಣ್ಣ ಪುಡಿ ಮೇಲಿನ ಹಳದಿ ತೆಗೀತು ಸರಿ, ಜೊತೆಗೆ ಉಳಿದಿದ್ದ ಒಂಚೂರು ಕೋಟಿಂಗೂ ಹೋಯ್ತಲ್ಲ! ಬರೀ ಮೈಯಲ್ಲಿ ಬಿಸಿಲಿಗೆ ನಿಲ್ಸಿದ ಹಾಗೆ. ಸೊಳ್ಳೆ ಓಡಿಸೋ ಸ್ಪ್ರೇ ಹೊಡೀರಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ, ಅದಂತೂ ಮಾಡ್ಲೇಬೇಡಿ, ಅದರ ಕೆಮಿಕಲ್ ಪ್ಲಾಸ್ಟಿಕ್ ಮೇಲ್ಮೈನ ಕರಗಿಸುತ್ತೆ, ಆ ಹೊತ್ತಿಗೆ ಮಿಂಚುತ್ತೆ ಆಮೇಲೆ ಮೊದಲಿಗಿಂತ ಕೆಡುತ್ತೆ, ನಾನು ಹಾಳು ಮಾಡಿದ್ದು ಹೀಗೇ.

ಮೊದ್ಲು ಒಂದು ಕೆಲಸ ಮಾಡಿ. ಒಂದು ಚೊಂಬು ನೀರು ತಗೊಂಡು ಲೈಟ್ ಮೇಲೆ ಸುರೀರಿ. ಒದ್ದೆ ಇರೋವಾಗ ಒಳಗಿನ ಬಲ್ಬ್ ಚೆನ್ನಾಗಿ ಕಂಡ್ರೆ ಹಾಳಾಗಿರೋದು ಹೊರಗಡೆ, ಉಜ್ಜಿದ್ರೆ ಬರುತ್ತೆ. ಒದ್ದೆ ಮಾಡಿದ್ರೂ ಮಬ್ಬಾಗೇ ಇದ್ರೆ ಒಳಗಡೆ ತೇವ ಇದೆ ಅಥವಾ ಕೂದಲೆಳೆ ಥರ ಬಿರುಕು ಬಿಟ್ಟಿದೆ, ಅದಕ್ಕೆ ಸ್ಯಾಂಡ್ ಪೇಪರ್ ಉಜ್ಜಿ ಪ್ರಯೋಜನ ಇಲ್ಲ.

ಹೊರಗಡೆದೇ ಆದ್ರೆ ಲೈಟ್ ಸುತ್ತ ಬಾನೆಟ್ಟಿಗೂ ಬಂಪರಿಗೂ ಮಾಸ್ಕಿಂಗ್ ಟೇಪ್ ಎರಡು ಸುತ್ತು ಹಾಕಿ, ಪೇಪರ್ ಒಂದ್ಸಲ ಪೇಂಟಿಗೆ ತಾಗಿದ್ರೆ ಮುಗೀತು. ಒದ್ದೆ ಮಾಡಿ ಉಜ್ಜೋ ಸ್ಯಾಂಡ್ ಪೇಪರ್ನ ನೀರ್ ಪೇಪರ್ ಅಂತ ಕೇಳಿದ್ರೆ ಹಾರ್ಡ್‌ವೇರ್ ಅಂಗಡೀಲಿ ಕೊಡ್ತಾರೆ, ಸಿಪ್ಪೆ ಎದ್ದಿದ್ರೆ ಒರಟಾದ 600 ನಂಬರಿಂದ ಶುರು ಮಾಡಿ, ಇಲ್ಲಾಂದ್ರೆ 800 ಸಾಕು, ಆಮೇಲೆ ಇನ್ನೂ ನಯವಾದ 1000, 1500, 2000. ಪೇಪರ್ನ ಅರ್ಧ ಗಂಟೆ ನೀರಲ್ಲಿ ನೆನೆಸಿ, ನೀರಿಗೆ ಎರಡು ಹನಿ ಶಾಂಪೂ ಹಾಕಿ. ಮೊದಲ ಪೇಪರಲ್ಲಿ ಅಡ್ಡಡ್ಡ ಉಜ್ಜಿ, ಮುಂದಿನದ್ರಲ್ಲಿ ಉದ್ದುದ್ದ, ಹಿಂದಿನ ಗೀರು ಒಂದೂ ಉಳಿದಿಲ್ಲ ಅಂತ ಆಗ ಕಣ್ಣಿಗೇ ಗೊತ್ತಾಗುತ್ತೆ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ, ಇಳಿಯೋ ನೀರಿನ ಬಣ್ಣ ನೋಡ್ತಾ ಇರಿ. ಶುರುವಲ್ಲಿ ಅರಿಶಿನ ಕಲಸಿದ ಹಾಗೆ ಹಳದಿ ನೀರು ಇಳಿಯುತ್ತೆ, ಅದು ಸತ್ತಿರೋ ಕೋಟಿಂಗ್. ಪೂರ್ತಿ ಬೆಳ್ಳಗೆ ಅಕ್ಕಿ ತೊಳೆದ ನೀರಿನ ಥರ ಬರೋವರೆಗೂ ಮೊದಲನೇ ಪೇಪರ್ ಬಿಡ್ಬೇಡಿ. ಎಲ್ರೂ ತಪ್ಪೋದು ಇಲ್ಲೇ, ಅವಸರ ಮಾಡಿ 1500ಕ್ಕೆ ಹೋಗ್ತಾರೆ, ಮೂಲೇಲಿ ಹಳದಿ ಹಾಗೇ ಉಳಿಯುತ್ತೆ. ಆ ಹೊತ್ತಲ್ಲಿ ಲೈಟ್ ಮೊದಲಿಗಿಂತ ಮಬ್ಬಾಗಿ ಬೆಳ್ಳಗೆ ಕಾಣುತ್ತೆ, ಹಾಳಾಯ್ತು ಅಂತ ಗಾಬರಿ ಬೀಳ್ಬೇಡಿ.

ಕೊನೇಲಿ ಯುವಿ ಕ್ಲಿಯರ್ ಕೋಟ್, ಅಂದ್ರೆ ಯುವಿ ತಡೆಯೋ ಬಣ್ಣ ಇಲ್ದಿರೋ ಕೋಟಿಂಗ್ ಹಾಕ್ಲೇಬೇಕು. ಅದನ್ನ ಹಾಕೋಕೆ ಮನಸ್ಸಿಲ್ಲ ಅಂದ್ರೆ ದಯವಿಟ್ಟು ಉಜ್ಜೋಕೇ ಹೋಗ್ಬೇಡಿ.

ಪೇಂಟರ್ ಹುಬ್ಬಳ್ಳಿ:

ಮ್ಯಾಲಿನ ಸರ್ ಬರಾಬರಿ ಹೇಳ್ಯಾರ್ರಿ. ನಾ ಹುಬ್ಬಳ್ಳ್ಯಾಗ ಗಾಡಿ ಪೇಂಟಿಂಗ್ ಮಾಡಾವ, 20 ವರ್ಷ ಆತು. ಕ್ಲಿಯರ್ ಬಗ್ಗೆ ನಾ ಒಂದೆರಡ ಮಾತ ಹೇಳ್ತೀನಿ.

ಕ್ಲಿಯರ್ ಹೊಡೆಯೂದಿದ್ರ 2000 ಪೇಪರ್‌ಗೆ ನಿಂದರ್ರಿ, ಮ್ಯಾಲೆ ಪಾಲಿಶ್ ಮಾಡಬ್ಯಾಡ್ರಿ. ನುಣುಪಾದ್ರ ಕ್ಲಿಯರ್ ಹಿಡಿಯೂದಿಲ್ಲ. ಆ ಸಣ್ಣ ಗೀರಿನ್ಯಾಗ ಕ್ಲಿಯರ್ ತುಂಬಿಕೊಂಡು ಲೈಟ್ ತಾನ ಗಾಜಿನಂಗ ಆಗತೈತಿ, ನೋಡ್ಕೊಂತ ನಿಂದ್ರಬೇಕ್ರಿ ಅದನ್ನ. ಹೊಡೆಯೂಕಿಂತ ಮೊದ್ಲ ಐಸೋಪ್ರೊಪೈಲ್ ಆಲ್ಕೋಹಾಲಿನ್ಯಾಗ ಒರೆಸ್ರಿ, ತಿನ್ನರ್ ಪೆಟ್ರೋಲ್ ಹಚ್ಚಬ್ಯಾಡ್ರಿ, ಪ್ಲಾಸ್ಟಿಕ್ ಬಿರೀತೈತಿ. ಆಮ್ಯಾಲ ಬೆರಳ ಹಚ್ಚಬ್ಯಾಡ್ರಿ, ಬೆರಳಿನ ಎಣ್ಣಿ ಕ್ಲಿಯರ್ ಕೆಳಗ ಹಂಗ ಕಾಣತೈತಿ.

2ಕೆ ಕ್ಲಿಯರ್ ತಗೋರಿ, ಅಂದ್ರ ಗಟ್ಟಿ ಮಾಡೂ ಹಾರ್ಡ್ನರ್ ಇರೂದು. ಮೊದಲನೇ ಕೋಟ್ ಇಬ್ಬನಿ ಬಿದ್ದಂಗ ಹಗೂರ ಹೊಡೀರಿ, ಒಮ್ಮೆಲೆ ದಪ್ಪ ಹೊಡದ್ರ ಸಣ್ಣ ಸಣ್ಣ ಬಿರುಕು ಬೀಳತಾವ. ಹತ್ತ ನಿಮಿಷ ಬಿಟ್ಟ ಇನ್ನೆರಡ ಕೋಟ್. ಹಾರ್ಡ್ನರ್ ಗಾಳಿ ಪುಪ್ಪುಸಕ್ಕ ಭಾಳ ಕೆಟ್ಟ್ರಿ, ಬಾಯಿಗೆ ಟವಲ್ ಕಟ್ಟಿದ್ರ ನಡೆಯೂದಿಲ್ಲ, ಗಾಳಿ ಸೋಸೂ ಕಾರ್ಟ್ರಿಜ್ ಇರೂ ಮಾಸ್ಕ ಬೇಕು. ನನ್ನ ಗುರುಗಳು ಮಾಸ್ಕ ಇಲ್ದ ಜೀವಮಾನ ಹೊಡದ್ರು, ಈಗ ಎರಡ ಮೆಟ್ಟಲ ಹತ್ತಿದ್ರ ದಮ್ಮ ಬರತೈತಿ ಅವರಿಗೆ. ಮಾಸ್ಕ ಇಲ್ಲಂದ್ರ ಉಜ್ಜೂದು ನೀವ ಮಾಡ್ರಿ, ಕ್ಲಿಯರ್ ಒಂದ ನಿಮ್ಮ ಊರ ಪೇಂಟರ್ ಕಡೆ ಹೊಡಸ್ರಿ.

ಮತ್ತ ನಿಮ್ಮದು ಮಲೆನಾಡ, ಮಳಿಯೊಳಗ ಹೊಡೀಬ್ಯಾಡ್ರಿ. ಹವಾದಾಗ ನೀರಿನ ಅಂಶ ಇದ್ರ ಕ್ಲಿಯರ್ ಹಾಲಿನಂಗ ಬೆಳ್ಳಗ ಆಗತೈತಿ. ದೀಪಾವಳಿ ಆದ ಮ್ಯಾಲ ಒಂದ ಒಣ ದಿನ ನೋಡಿ ಮಾಡ್ರಿ. ಕೆಟಲ್‌ನ್ಯಾಗ ಕೆಮಿಕಲ್ ಕಾಸಿ ಹೊಗಿ ಹಿಡದು ಎರಡ ನಿಮಿಷದಾಗ ಗಾಜ ಮಾಡಿ ಕೊಡ್ತೀವಿ ಅನ್ನಾವ್ರ ಕಡೆ ಹೋಗಬ್ಯಾಡ್ರಿ, ಆ ಹೊಗಿ ವಿಷ, ಅದು ಪ್ಲಾಸ್ಟಿಕ್ ಕರಗಸೂದಷ್ಟ, ಮ್ಯಾಲೆ ಕೋಟ್ ಏನೂ ಇರೂದಿಲ್ಲ.

ವೈರಿಂಗ್ ಬೆಂಗಳೂರು:

ನಾನು ಬೇರೆ ವಿಷಯ ಹೇಳ್ತೀನಿ, ಆ 100 ವ್ಯಾಟ್ ಬಲ್ಬ್ ಇವತ್ತೇ ಬಿಚ್ಚಿ. ನಿಮ್ಮ ಗಾಡಿಗೆ ಬರೋದು ಎಚ್4 ಅನ್ನೋ ಥರದ ಬಲ್ಬ್, ಹೈ ಬೀಮ್ 60, ಲೋ ಬೀಮ್ 55 ವ್ಯಾಟ್. ಹಳೇ ಗಾಡಿ ತೆಳ್ಳನೆ ವೈರು ಹೋಲ್ಡರ್ ಇಷ್ಟಕ್ಕೇ ಮಾಡಿರೋದು, 100 ಹಾಕಿದ್ರೆ ಹೋಲ್ಡರ್ ಕರಗುತ್ತೆ, ಒಳಗಿನ ಬೆಳ್ಳಿ ಥರ ಇರೋ ರಿಫ್ಲೆಕ್ಟರ್ ಬಿಸಿಗೆ ಸುಡುತ್ತೆ, ರಿಫ್ಲೆಕ್ಟರ್ ಸುಟ್ರೆ ಆಮೇಲೆ ಹೊರಗಡೆ ಎಷ್ಟೇ ಉಜ್ಜಿದ್ರೂ ಬೆಳಕಿಲ್ಲ, ಹೊಸ ಅಸೆಂಬ್ಲಿನೇ ಗತಿ. ಕಾನೂನೂ ಒಪ್ಪಲ್ಲ. ಎಲ್‌ಇಡಿ ಬಲ್ಬ್ ತುರುಕೋದೂ ಬೇಡ, ಹ್ಯಾಲೊಜೆನ್‌ಗೆ ಅಂತ ಮಾಡಿರೋ ರಿಫ್ಲೆಕ್ಟರಲ್ಲಿ ಅದು ಎದುರಿಂದ ಬರೋರ ಕಣ್ಣಿಗೆ ಹೊಡಿಯುತ್ತೆ, ಘಾಟೀಲಿ ಎದುರಿನ ಬಸ್ ಡ್ರೈವರ್‌ಗೆ ಕಣ್ಣು ಕಾಣ್ದೇ ಹೋದ್ರೆ ಅಪಾಯ ನಿಮಗೇ.

ಅದೇ 60/55 ಹಾಕಿ, ಇಂಜಿನ್ ಓಡ್ತಿರೋವಾಗ ಬ್ಯಾಟರಿ ಹತ್ರ ಒಂದ್ಸಲ, ಬಲ್ಬ್ ಹೋಲ್ಡರ್ ಹತ್ರ ಒಂದ್ಸಲ ವೋಲ್ಟೇಜ್ ನೋಡ್ಸಿ. 10% ವೋಲ್ಟೇಜ್ ಇಳಿದ್ರೆ ಬೆಳಕು ಹತ್ತಿರ ಹತ್ತಿರ 30% ಇಳಿಯುತ್ತೆ. ವ್ಯತ್ಯಾಸ ಜಾಸ್ತಿ ಬಂದ್ರೆ ಅರ್ತಿಂಗ್ ಕ್ಲೀನ್ ಮಾಡ್ಸಿ, ಬ್ಯಾಟರಿಯಿಂದ ಲೈಟಿಗೆ ನೇರ ಕರೆಂಟ್ ಕೊಡೋ ಸ್ವಿಚ್ ಥರದ ರಿಲೇ ಹಾಕ್ಸಿ. ಅಷ್ಟು ಮಾಡಿದ್ಮೇಲೂ ಬೇಕೇ ಬೇಕು ಅನ್ಸಿದ್ರೆ ಮಾತ್ರ ಹೊಸ ಅಸೆಂಬ್ಲಿ, ಇಲ್ಲಿ ಜೆಸಿ ರೋಡಲ್ಲಿ ಹಳೇ ಮಾರುತಿಗಳಿಗೆಲ್ಲ ಸಿಗುತ್ತೆ. ತೀರಾ ಅಗ್ಗದ್ದು ತಗೋಬೇಡಿ, ಕೋಟಿಂಗ್ ಸರಿ ಇರಲ್ಲ, ಎರಡೇ ವರ್ಷಕ್ಕೆ ಮತ್ತೆ ಹಳದಿ.

ಹೊಸನಗರದ ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೀತಿದೀನಿ, ಮಳೆ ಪೂರ್ತಿ ನಿಲ್ಲೋಕೆ ಕಾಯ್ತಾ ಇದ್ದೆ. ಬಲ್ಬ್ ಅವತ್ತೇ ಬಿಚ್ಚಿಸ್ದೆ, ಬಲಗಡೆ ಹೋಲ್ಡರ್ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು, ಅದನ್ನೂ ಬದಲಾಯಿಸಿ ರಿಲೇ ಹಾಕಿಸ್ದೆ. ರಿಫ್ಲೆಕ್ಟರ್ ಉಳ್ಕೊಂಡಿದೆ.

ಚೊಂಬು ನೀರು ಸುರಿದು ನೋಡ್ದೆ, ಬಲ್ಬ್ ಸ್ಪಷ್ಟ ಕಾಣ್ತು. ಹೋದ ಭಾನುವಾರ ಅಂಗಳದಲ್ಲಿ ಕೂತು ಉಜ್ಜಿದೆ, ಹಳದಿ ನೀರು ನಿಲ್ಲೋಕೇ ಬಲಗಡೆ ಒಂದಕ್ಕೆ ಮುಕ್ಕಾಲು ಗಂಟೆ ಹಿಡೀತು, ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ನೀರು ಹಾಕ್ತಾ ಇನ್ನೂ ಹಳದಿ ಬರ್ತಿದೆ ಇನ್ನೂ ಬರ್ತಿದೆ ಅಂತ ಹೇಳ್ತಾನೇ ಇದ್ರು. ಕ್ಲಿಯರ್ ನಾನು ಹೊಡೀಲಿಲ್ಲ, ಪೇಂಟರ್ ಸರ್ ಹೇಳಿದ್ದು ಓದಿ ಧೈರ್ಯ ಬರ್ಲಿಲ್ಲ, ಮರುದಿನ ಇಲ್ಲೇ ಒಬ್ರ ಹತ್ರ ಹೊಡೆಸ್ದೆ. ಮೊದಲನೇ ಕೋಟ್ ಬಿದ್ದಾಗ ಏನೂ ಆಗ್ಲಿಲ್ಲ, ಎರಡನೇದು ಬೀಳ್ತಿದ್ದ ಹಾಗೇ ಒಳಗಿನ ಬಲ್ಬ್, ರಿಫ್ಲೆಕ್ಟರಿನ ಗೆರೆ ಎಲ್ಲಾ ಕಣ್ಣೆದುರೇ ಎದ್ದು ಬಂತು.

ನಿನ್ನೆ ಬೆಳಗಿನ ಜಾವ ಘಾಟಿ ಇಳಿದ್ವಿ. ತಿರುವಲ್ಲಿ ರಸ್ತೆ ಅಂಚಿನ ಬಿಳೀ ಕಲ್ಲುಗಳು ಒಂದೊಂದೂ ಕಾಣ್ತಿದ್ವು, ಅಮ್ಮ ಹೊಸಂಗಡಿ ಬರೋವರೆಗೂ ಎಚ್ಚರಾನೇ ಆಗ್ಲಿಲ್ಲ. ಒಂದೇ ಡೌಟು, ಎದುರಿಂದ ಬರೋರು ಇಬ್ರು ಡಿಪ್ ಮಾಡು ಅಂತ ಲೈಟ್ ಹೊಡೆದ್ರು, ನಾನು ಲೋ ಬೀಮಲ್ಲೇ ಇದ್ದೆ.

ವೈರಿಂಗ್ ಬೆಂಗಳೂರು:

ತುಂಬಾ ಖುಷಿ ಆಯ್ತು. ಎದುರಿನೋರು ಲೈಟ್ ಹೊಡೆದಿದ್ದು ಅಲೈನ್‌ಮೆಂಟಿಗೆ, ಅಂದ್ರೆ ಬೆಳಕು ಬೀಳೋ ಎತ್ತರ ಸರಿ ಇಲ್ಲ. ಇಷ್ಟು ದಿನ ಮಂಕಾಗಿದ್ದಕ್ಕೆ ಗೊತ್ತಾಗಿಲ್ಲ, ಅಥವಾ ಹೋಲ್ಡರ್ ಬದಲಾಯಿಸೋವಾಗ ಬಲ್ಬ್ ಸರಿಯಾಗಿ ಕೂತಿಲ್ಲ, ಮೊದ್ಲು ಅದನ್ನ ನೋಡಿ. ಆಮೇಲೆ ಸಮ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಸಿ ಲೋ ಬೀಮ್ ಹಾಕಿ, ಬೆಳಕಿನ ಮೇಲಿನ ಗೆರೆ ಬಲ್ಬ್ ಇರೋ ಎತ್ತರಕ್ಕಿಂತ 3 ಇಂಚಿನಷ್ಟು ಕೆಳಗಿರ್ಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಿರುತ್ತೆ. ಲೈಟ್ ಹಿಂದೆ ಅಡ್ಜಸ್ಟ್ ಮಾಡೋ ಸ್ಕ್ರೂ ಇರುತ್ತೆ, ಕಾಲು ಕಾಲು ಸುತ್ತು ತಿರುಗಿಸಿ ನೋಡಿ. ಹಿಂದಿನ ಸೀಟಲ್ಲಿ ಒಬ್ರನ್ನ ಕೂರಿಸ್ಕೊಂಡು ಮಾಡಿ, ನೀವು ಯಾವಾಗ್ಲೂ ಅಮ್ಮನ ಜೊತೆನೇ ಹೋಗೋದಲ್ವಾ, ಆ ಭಾರಕ್ಕೆ ಮುಂಭಾಗ ಒಂಚೂರು ಏಳುತ್ತೆ.