ಕಕ್ಕಡದ ಮಳೆ, ಯಜಮಾನರ ಜ್ವರ: ಡಾಕ್ಟರನ್ನು ಕೇಳಿ

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯಿಂದ, ಜುಲೈ 31, ಕೊಡವರ ಕಕ್ಕಡ ತಿಂಗಳು)

ಡಾಕ್ಟ್ರೇ, ನಮಸ್ಕಾರ. ನಮ್ಮ ಯಜಮಾನರಿಗೆ ಜ್ವರ ಶುರುವಾಗಿ ಇವತ್ತಿಗೆ ಮೂರು ದಿನ. ನಿನ್ನೆ ರಾತ್ರಿ 103 ಇತ್ತು. ತಲೆನೋವು, ಮೀನಖಂಡ ಮುಟ್ಟೋಕೆ ಬಿಡಲ್ಲ, ಸ್ವಲ್ಪ ಕೆಮ್ಮು. ಡೋಲೋ 650 ಕೊಡ್ತಾ ಇದ್ದೇನೆ. ಹತ್ತು ದಿನದ ಹಿಂದೆ ಬರಿಗಾಲಲ್ಲಿ ನಾಟಿಗೆ ಗದ್ದೆಗೆ ಇಳಿದಿದ್ದರು. ಆಸ್ಪತ್ರೆ ಅಂದರೆ ಸಿಟ್ಟು. "ಕಾಳುಮೆಣಸು ಹಾಕಿ ಎರಡು ಪೆಗ್ ರಮ್ ಕುಡಿದ್ರೆ ಬಿಡುತ್ತೆ" ಅಂತಾರೆ. ಕರೆಂಟ್ ಹೋಗಿ ಎರಡು ದಿನ ಆಯ್ತು, ಫೋನನ್ನು ಜೀಪಿನಲ್ಲಿ ಚಾರ್ಜ್ ಮಾಡಿ ಬರೀತಿದ್ದೇನೆ. ಚಳಿ ಅಂತ ಮಂಚದ ಪಕ್ಕ ಬಾಣಲೆಯಲ್ಲಿ ಕೆಂಡ ಇಟ್ಟಿದ್ದೇನೆ. 74 ವರ್ಷದ ಅತ್ತೆಯೂ ಇದ್ದಾರೆ. ಈ ವಾರ ಹೇಗೆ ಕಳೆಯೋದು ಹೇಳಿ.

ಡಾಕ್ಟರ್

ಮೊದಲು ಎದ್ದು ಆ ಕೆಂಡವನ್ನು ಹೊರಗಿಟ್ಟು ಬನ್ನಿ. ಉಳಿದದ್ದು ಆಮೇಲೆ ಓದಿ. ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಜ್ವರಕ್ಕಿಂತ ನನಗೆ ಅದರ ಭಯ ಜಾಸ್ತಿ. ಚಳಿಗೆ ಕಂಬಳಿ ಸಾಕು, ಬೆವರಿದಾಗ ಅದನ್ನೂ ತೆಗೆಯಿರಿ.

ಇನ್ನು ಗದ್ದೆಯ ವಿಷಯ. ಕೆಸರಲ್ಲಿ ಇಳಿದವರಿಗೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಇಲಿ ಜ್ವರ ನೆನಪಾಗಲೇಬೇಕು. ಇಲಿಯ ಮೂತ್ರ ಬೆರೆತ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. ಕಣ್ಣು ಕೆಂಪಾಗಿದೆಯಾ ನೋಡಿ. ಡೆಂಗ್ಯೂವೂ ಇರಬಹುದು, ಬರೀ ಫ್ಲೂ ಕೂಡ ಇರಬಹುದು. ಮನೆಯಲ್ಲಿ ಕೂತು ಹೇಳೋಕೆ ಆಗಲ್ಲ. ನಾಳೆ ಬೆಳಿಗ್ಗೆಯೇ ರಕ್ತ ಕೊಟ್ಟು ಬನ್ನಿ. ನಾಟಿಗೆ ಇಳಿದದ್ದನ್ನು ಅಲ್ಲಿನ ಡಾಕ್ಟರಿಗೆ ನೀವಾಗಿಯೇ ಹೇಳಿ.

ರಮ್ ಬೇಡ. ಡೋಲೋನೂ ಲಿವರಿಗೆ ಕೆಲಸ, ರಮ್ಮೂ ಲಿವರಿಗೆ ಕೆಲಸ, ಇಲಿ ಜ್ವರವಾದರೆ ಅದೂ ಲಿವರನ್ನೇ ಹಿಡಿಯುತ್ತದೆ. ಡೋಲೋ 650 ಆದರೆ ಆರು ಗಂಟೆಗೊಂದು, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೈಕೈ ನೋವಿಗೆ ಅಂತ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತರಬೇಡಿ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ.

ಯಜಮಾನರು ತೋಟದ ಮಳೆ ಲೆಕ್ಕ ಬರೆಯುತ್ತಾರೆ ಅಲ್ವಾ? ದಿನಾ ಬೆಳಿಗ್ಗೆ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ? ಅದೇ ಪುಸ್ತಕದಲ್ಲಿ ಮಳೆಯ ಪಕ್ಕ ಜ್ವರ ಎಷ್ಟು, ಮಾತ್ರೆ ಎಷ್ಟು ಗಂಟೆಗೆ, ಮೂತ್ರ ಎಷ್ಟು ಸಲ ಅಂತ ಅವರ ಕೈಯಲ್ಲೇ ಬರೆಸಿ. ಸುಮ್ನೆ ಹೇಳ್ತಿಲ್ಲ. ಎಷ್ಟನೇ ದಿನ ಅನ್ನೋದರ ಮೇಲೆ ಯಾವ ಪರೀಕ್ಷೆ ಅನ್ನೋದು ನಿಂತಿದೆ. ಡೆಂಗ್ಯೂವಿನ ಎನ್‌ಎಸ್1 ರಕ್ತಪರೀಕ್ಷೆ ಮೊದಲ ಐದು ದಿನದಲ್ಲಿ ಮಾಡಿದರೆ ಚೆನ್ನಾಗಿ ಸಿಗುತ್ತದೆ. ಡೆಂಗ್ಯೂವಿನಲ್ಲಿ ಅಪಾಯ ಬರೋದು ಜ್ವರ ಇಳಿಯುವ ಹೊತ್ತಿಗೆ. ಜ್ವರ ಬಿಟ್ಟಿತು ಅಂತ ಅವರು ತೋಟಕ್ಕೆ ಹೊರಟ ದಿನವೇ ನೀವು ಹುಷಾರಾಗಿರಬೇಕು. ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಲ್ಲಿ ರಕ್ತ, ಕೈಕಾಲು ತಣ್ಣಗೆ, ಮಂಪರು, ಏದುಸಿರು, ಆರು ಗಂಟೆ ಮೂತ್ರವೇ ಇಲ್ಲ, ಕಣ್ಣು ಹಳದಿ: ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಜೀಪಿನ ಮೂತಿ ರಸ್ತೆ ಕಡೆಗೆ ತಿರುಗಿಸಿಯೇ ನಿಲ್ಲಿಸಿ. ಮರ ಬಿದ್ದರೆ ಯಾರನ್ನು ಕರೆಯಬೇಕು ಅಂತ ಪಕ್ಕದ ಮನೆಯವರಿಗೆ ಈಗಲೇ ಹೇಳಿಡಿ.

ಊಟ ಸೇರದಿದ್ದರೆ ಒತ್ತಾಯ ಬೇಡ, ನೀರು ಬಿಡಬೇಡಿ. ಉಪ್ಪು ಹಾಕಿದ ಗಂಜಿ, ಬೆಲ್ಲದ ಕಾಪಿ ಯಾವುದಾದರೂ ಸರಿ. ಓಆರ್‌ಎಸ್ ಆದರೆ ಇಡೀ ಪ್ಯಾಕೆಟ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ. ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಹಾಕುವವರನ್ನು ನೋಡಿ ನೋಡಿ ಸಾಕಾಗಿದೆ.

ಅತ್ತೆ ಬೇರೆ ಕೋಣೆಯಲ್ಲಿರಲಿ. ಯಾವ ಜ್ವರ ಅಂತ ಗೊತ್ತಾಗುವವರೆಗೆ ಫ್ಲೂ ಅಂತಲೇ ತಿಳಿದು ನೀವು ಮಾಸ್ಕ್ ಹಾಕಿ. ಯಜಮಾನರಿಗೆ ಹಗಲೂ ಸೊಳ್ಳೆಪರದೆ ಇರಲಿ, ಡೆಂಗ್ಯೂ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲೇ. ಮತ್ತೆ ನೀವು ಮಧ್ಯಾಹ್ನ ಒಂದು ಗಂಟೆ ಮಲಗಿ. ಆ ಹೊತ್ತಿಗೆ ಅತ್ತೆ ಬಾಗಿಲಲ್ಲಿ ಕೂತು ನೋಡಿಕೊಳ್ಳಲಿ.

ಪ್ರಶ್ನೆ (ಗೋಣಿಕೊಪ್ಪದಿಂದ ಇನ್ನೊಬ್ಬರು)

ಗಂಡ ಹೆಂಡತಿ ಇಬ್ಬರೂ ಜ್ವರ ಬಂದು ಒಟ್ಟಿಗೆ ಮಲಗಿದರೆ?

ಡಾಕ್ಟರ್

ಆಗ ನಾಚಿಕೆ ಬಿಟ್ಟು ಮೂರನೆಯವರನ್ನು ಕರೆಯಬೇಕು. ಯಾರೂ ಇಲ್ಲದಿದ್ದರೆ ಬೆಳಿಗ್ಗೆ, ಸಂಜೆ ಒಬ್ಬರು ಫೋನ್ ಮಾಡಲಿ. ಎತ್ತದಿದ್ದರೆ ಮನೆಗೇ ಬರಬೇಕು ಅಂತ ಮಾತಾಗಿರಲಿ.

ಮತ್ತೆ ನಾಪೋಕ್ಲು ಕಡೆಯವರು (ಆಗಸ್ಟ್ 4, ಬೆಳಿಗ್ಗೆ)

ಡಾಕ್ಟ್ರೇ, ರಕ್ತ ಕೊಟ್ಟು ಬಂದೆವು. ಎನ್‌ಎಸ್1 ನೆಗೆಟಿವ್. ಇಲಿ ಜ್ವರದ ಸಂಶಯ ಅಂತ ಡಾಕ್ಸಿಸೈಕ್ಲಿನ್ ಏಳು ದಿನಕ್ಕೆ ಬರೆದಿದ್ದಾರೆ. ನಿನ್ನೆಯಿಂದ ಜ್ವರ ಇಲ್ಲ. ಆದರೆ ಈಗ ಮೂತ್ರ ಕೆಂಪಾಗಿದೆ ಅಂತ ಕೂಗಿಕೊಂಡರು. ಕೈಕಾಲೇ ಆಡ್ತಿಲ್ಲ. ಏನು ಮಾಡಲಿ?

ಡಾಕ್ಟರ್

ನಿನ್ನೆ ಆಗಸ್ಟ್ 3, ಕಕ್ಕಡ 18. ಆ ದಿನ ಮಾಡುವ ಮದ್ದು ಸೊಪ್ಪಿನ ಪಾಯಸ, ಮದ್ದು ಪಾಯಸ ಮಾಡಿದ್ರಾ? ಮದ್ದು ಸೊಪ್ಪಿನ ಬಣ್ಣ ಮೂತ್ರದಲ್ಲಿ ಇಳಿಯುವುದು ಪ್ರತಿ ವರ್ಷದ ಕಥೆ. ತಿಂದವರೆಲ್ಲ ನೋಡಿಕೊಳ್ಳಿ. ಅವರೊಬ್ಬರದ್ದೇ ಕೆಂಪಾಗಿದ್ದರೆ ಈಗಲೇ ಹೊರಡಿ. ನಾಳೆಯೂ ಹೀಗೇ ಇದ್ದರೂ, ಕಣ್ಣು ಹಳದಿಯಾದರೂ, ಮೂತ್ರ ಕಡಿಮೆಯಾದರೂ ಹೊರಡಿ. ಇಲಿ ಜ್ವರ ಕಿಡ್ನಿಗೂ ಹೋಗುತ್ತದೆ, ಬರೀ ಪಾಯಸ ಅಂತ ಕೂರಬೇಡಿ. ಮೂತ್ರ ಪರೀಕ್ಷೆಗೆ ಕೊಟ್ಟರೆ ಮದ್ದು ಪಾಯಸ ತಿಂದದ್ದು ಹೇಳಿ.

ಎನ್‌ಎಸ್1 ನೆಗೆಟಿವ್ ಅಂದಮಾತ್ರಕ್ಕೆ ಡೆಂಗ್ಯೂ ಇಲ್ಲವೇ ಇಲ್ಲ ಅಂತಲ್ಲ. ಇವತ್ತು ಪ್ಲೇಟ್‌ಲೆಟ್ ಇನ್ನೊಮ್ಮೆ ನೋಡಿಸಿ. ಡಾಕ್ಸಿಸೈಕ್ಲಿನ್ ಊಟದ ಜೊತೆ, ತುಂಬಿದ ಲೋಟ ನೀರಲ್ಲಿ ತಗೊಳ್ಳಲಿ, ಹಾಲಿನ ಜೊತೆ ಬೇಡ. ನುಂಗಿದ ಕೂಡಲೇ ಮಲಗಿದರೆ ಎದೆ ಉರಿಯುತ್ತದೆ. ಜ್ವರ ಬಿಟ್ಟಿತು ಅಂತ ಮಧ್ಯದಲ್ಲಿ ನಿಲ್ಲಿಸಬೇಡಿ.

ನಾಪೋಕ್ಲು ಕಡೆಯವರು

ಅಯ್ಯೋ, ನಂದೂ ಕೆಂಪು, ಅತ್ತೆಯದ್ದೂ ಕೆಂಪು! ಅತ್ತೆ ನಗ್ತಾ ಇದ್ದಾರೆ. ಪ್ಲೇಟ್‌ಲೆಟ್‌ಗೆ ಈಗಲೇ ಹೊರಟೆವು. ಮಳೆ ಪುಸ್ತಕದಲ್ಲಿ ಇವರೇ ಬರೆದಿದ್ದಾರೆ: 2 ಇಂಚು 40 ಸೆಂಟು, ಜ್ವರ 98.4, ಮೂತ್ರ ಮೂವರದ್ದೂ ಕೆಂಪು.