10% ನಿಯಮ, ಬೊರಿವಲಿಯ ಚಿರತೆ: ಲೆಕ್ಕ ತಪ್ಪುವುದೆಲ್ಲಿ?

ಮುಲುಂಡ್‌ವಾಸಿ:
ಹತ್ತನೇ ತರಗತಿಗೆ ಆಹಾರ ಸರಪಳಿ ಹೇಳಿಕೊಡುವಾಗ ಒಂದು ಲೆಕ್ಕ ಕೂಡುತ್ತಿಲ್ಲ. ಪ್ರತಿ ಪೋಷಣಾ ಸ್ತರದಿಂದ (ಸಸ್ಯ, ಸಸ್ಯಾಹಾರಿ, ಮಾಂಸಾಹಾರಿ ಹೀಗೆ ಸರಪಳಿಯ ಒಂದೊಂದು ಮೆಟ್ಟಿಲು) 10% ಶಕ್ತಿ ಮಾತ್ರ ಮುಂದಕ್ಕೆ ಹೋಗುವುದಾದರೆ ತುದಿಯಲ್ಲಿರುವ ಚಿರತೆ ತೀರಾ ವಿರಳವಾಗಿರಬೇಕು. ಆದರೆ ಮುಂಬಯಿಯ ಬೊರಿವಲಿಯಲ್ಲಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆ 100 ಚದರ ಕಿ.ಮೀ.ಗೆ 20ಕ್ಕೂ ಹೆಚ್ಚು ಚಿರತೆಗಳಿವೆ. ಇಷ್ಟಕ್ಕೂ ಆಹಾರ ಎಲ್ಲಿಂದ? ಉಳಿದ 90% ಎಲ್ಲಿಗೆ ಹೋಗುತ್ತದೆ?

ಹಸಿರೆಲೆ:
10% ಒಂದು ಅಂದಾಜು, ಕಟ್ಟಳೆಯಲ್ಲ. 1942ರಲ್ಲಿ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ ಅಮೆರಿಕದ ಸೀಡರ್ ಬಾಗ್ ಕೆರೆಯ ಲೆಕ್ಕ ಕೊಟ್ಟಾಗ ಬಿಸಿಲಿನಿಂದ ಸಸ್ಯಕ್ಕೆ ಬಂದದ್ದು 0.10%, ಸಸ್ಯದಿಂದ ಸಸ್ಯಾಹಾರಿಗೆ 13.3%, ಅಲ್ಲಿಂದ ಮಾಂಸಾಹಾರಿಗೆ 22.3%. ಕಾಡಿನ ಸಸ್ತನಿಗಳಲ್ಲಿ ಸೋರಿಕೆ ಇದಕ್ಕಿಂತ ಬಹಳ ಹೆಚ್ಚು.

ಬೋರ್ಡಿನ ಮೇಲೆ ಮೂರು ಜರಡಿ ಬರೆಯಿರಿ. ಗಿಡಮರಗಳ ವರ್ಷದ ಬೆಳವಣಿಗೆ 1,000 ಅಂತಿಟ್ಟುಕೊಳ್ಳೋಣ. ಜಿಂಕೆ ಮೇಯುವುದು 100. ಕಾಂಡ, ಬೇರು, ಎತ್ತರದ ಎಲೆ ಅದಕ್ಕೆ ಸಿಗುವುದಿಲ್ಲ, ಅವೆಲ್ಲ ಕೊನೆಗೆ ಗೆದ್ದಲು, ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಪಾಲು. ಮೇಯ್ದ 100ರಲ್ಲಿ ಅರ್ಧದಷ್ಟು ಹಿಕ್ಕೆಯಾಗಿ ಹೊರಬೀಳುತ್ತದೆ. ಅರಗಿದ 50ರಲ್ಲಿ 49 ಉಸಿರಾಟಕ್ಕೆ, ಓಡಾಟಕ್ಕೆ, ಮೈ ಬೆಚ್ಚಗಿಡಲಿಕ್ಕೆ ಖರ್ಚು. ಮಾಂಸವಾಗಿ, ಮರಿಯಾಗಿ ಉಳಿಯುವುದು 1! ಬಿಸಿರಕ್ತದ ಪ್ರಾಣಿಗಳಲ್ಲಿ ಈ ಕೊನೆಯ ಜರಡಿ ದಾಟುವುದು 1ರಿಂದ 3%. ಕೀಟಗಳಲ್ಲಿ ಸುಮಾರು 40%.

ಮಕ್ಕಳು ಉತ್ತರಪತ್ರಿಕೆಯಲ್ಲಿ 'ಶಕ್ತಿ ನಾಶವಾಗುತ್ತದೆ' ಎಂದು ಬರೆಯುತ್ತಾರೆ, ಇದನ್ನು ದಯವಿಟ್ಟು ತಿದ್ದಿ. ಅದು ಶಾಖವಾಗಿ ಚದುರುತ್ತದೆ, ಆ ಶಾಖವನ್ನು ಯಾವ ಎಲೆಯೂ ಮತ್ತೆ ಹಿಡಿಯಲಾರದು. ಸಾರಜನಕ, ರಂಜಕ ಮಣ್ಣಿಗೆ ಮರಳಿ ಬರುತ್ತವೆ, ಶಕ್ತಿ ಬರುವುದಿಲ್ಲ.

ಠಾಣೆ ಖಾಡಿ:
ಚಿರತೆಯ ಮಾತಿಗೆ ಬರೋಣ. 2002ರಲ್ಲಿ ಪ್ರಕಟವಾದ ಒಂದು ಹೋಲಿಕೆಯ ಪ್ರಕಾರ 10,000 ಕಿಲೊ ಬೇಟೆಪ್ರಾಣಿಗಳಿದ್ದರೆ ಸುಮಾರು 90 ಕಿಲೊ ಮಾಂಸಾಹಾರಿ ಬದುಕಬಲ್ಲದು. ತಲಾ 50 ಕಿಲೊದ 20 ಚಿರತೆ ಅಂದರೆ 1,000 ಕಿಲೊ. ಅದಕ್ಕೆ ಬೇಕಾದ ಬೇಟೆ 1.1 ಲಕ್ಷ ಕಿಲೊ, ಅಂದರೆ 50 ಕಿಲೊದ 2,200 ಜಿಂಕೆ.

ನಿಮ್ಮ ಲೆಕ್ಕ ತಪ್ಪಿದ್ದು ಸರಪಳಿಯನ್ನು ಉದ್ಯಾನದ ಬೇಲಿಯೊಳಗೇ ಮುಗಿಸಿದ್ದರಿಂದ. ಅಲ್ಲಿನ ಚಿರತೆಗಳು ಅಂಚಿನ ಜನವಸತಿಗಳ ಬೀದಿನಾಯಿಗಳನ್ನೂ ಹಿಡಿದು ತಿನ್ನುತ್ತವೆ. ನಾಯಿ ಬೆಳೆದದ್ದು ಊರಿನ ಕಸ ತಿಂದು. ಆ ಕಸದಲ್ಲಿರುವ ಅನ್ನ, ಚಪಾತಿ ಎಲ್ಲೋ ದೂರದ ಹೊಲಗದ್ದೆ ಹಿಡಿದಿಟ್ಟ ಬಿಸಿಲು. 104 ಚದರ ಕಿ.ಮೀ. ಕಾಡಿನ ಎಲೆಗಳಷ್ಟೇ ಈ ಚಿರತೆಗಳನ್ನು ಸಾಕುತ್ತಿಲ್ಲ.

ಮುಲುಂಡ್‌ವಾಸಿ:
ಜರಡಿ ಲೆಕ್ಕ ನಾಳೆಯೇ ಬರೆಸುತ್ತೇನೆ. ಹಾಗಾದರೆ ಮುಂಬಯಿ ಪಕ್ಕದ ಠಾಣೆ ಖಾಡಿಯಲ್ಲಿ (ಸಮುದ್ರದ ಕೊಲ್ಲಿಯಲ್ಲಿ) ಫ್ಲೆಮಿಂಗೊಗಳು ಅಷ್ಟೊಂದು ಸಂಖ್ಯೆಯಲ್ಲಿರುವುದು ಹೇಗೆ?

ಠಾಣೆ ಖಾಡಿ:
ಅವು ಸರಪಳಿಯ ಕೆಳಗಿನ ಮೆಟ್ಟಿಲಲ್ಲೇ ಉಣ್ಣುತ್ತವೆ. ಚಿಕ್ಕ ಫ್ಲೆಮಿಂಗೊ (ಲೆಸರ್ ಫ್ಲೆಮಿಂಗೊ) ಎಂಬ ಜಾತಿಯ ಕೊಕ್ಕಿನೊಳಗೆ ಸೋಸುವ ಎಳೆಗಳಿವೆ. ನೀರು, ಕೆಸರಿನಿಂದ ನೀಲಿ-ಹಸಿರು ಪಾಚಿ ಮತ್ತು ಡಯಾಟಮ್‌ಗಳನ್ನು (ಒಂದೇ ಕೋಶದ ಸೂಕ್ಷ್ಮ ಪಾಚಿ) ನೇರವಾಗಿ ಸೋಸಿಕೊಳ್ಳುತ್ತದೆ. ನಡುವೆ ಮೀನು, ಸಿಗಡಿಯ ಸ್ತರವಿಲ್ಲ, ಹಾಗಾಗಿ ಅಲ್ಲಿ ಆಗುವ ಸೋರಿಕೆಯೂ ಇಲ್ಲ. ಮೀನು ಹಿಡಿಯುವ ಕಡಲ ಹದ್ದು ಅದೇ ಖಾಡಿಯಲ್ಲಿ ಆ ಸಂಖ್ಯೆ ಮುಟ್ಟಲು ಸಾಧ್ಯವೇ ಇಲ್ಲ.